ಕಡಲ ದಡದಲ್ಲಿ ಬೆಟ್ಟದ ಪಾಠ

ಸಮುದ್ರವನ್ನು ಎದುರಿಸುವುದು ಹೇಗೆ ಎಂದು ಮೀನುಗಾರರಿಗೆ ಕಲಿಸಿಕೊಡಲು ನನ್ನನ್ನು ಊಟಿಯಿಂದ ಕರೆಸಿಕೊಂಡರು. ಇದರಲ್ಲಿ ವಿಚಿತ್ರವೇನಾದರೂ ಇದೆಯೆಂದು ನನಗೆ ಆಗ ಅನ್ನಿಸಲಿಲ್ಲ. ಕರೆದವರಿಗೂ ಅನ್ನಿಸಲಿಲ್ಲ. ಅನ್ನಿಸಿದ್ದು ನನ್ನ ಹೆಂಡತಿ ಗೌರಿಗೆ ಮಾತ್ರ.

"ನೀವು ಸಮುದ್ರ ನೋಡಿದ್ದೀರಾ?" ಎಂದಳು.

"ಭೂಪಟದಲ್ಲಿ ದಿನಾ ನೋಡುತ್ತೇನೆ. ಭೂಮಿಯ ಮುಕ್ಕಾಲು ಪಾಲು ಅದೇ."

"ಅಷ್ಟು ದೊಡ್ಡದು ಇಷ್ಟು ವರ್ಷ ಕಣ್ಣಿಗೇ ಬೀಳಲಿಲ್ಲವಾ?"

ಗೌರಿ ಲೆಕ್ಕಶಾಸ್ತ್ರ ಓದಿದವಳು. ಭೂಗೋಳದಲ್ಲಿ ಬಿ.ಎ. ಮಾಡಿದವನ ಮನಸ್ಸು ಆಕೆಗೆ ತಿಳಿಯುವುದಿಲ್ಲ.

ಕರೆ ಬಂದ ಹಿನ್ನೆಲೆ ಇದು. ನಮ್ಮ ನೀಲಗಿರಿಯಲ್ಲಿ ಹಿಂಗಾರು ಮಳೆ ಜೋರಾದರೆ ಗುಡ್ಡ ಜರಿಯುತ್ತದೆ. ರಸ್ತೆ ಹೋಗುತ್ತದೆ, ಕೊಟ್ಟಿಗೆ ಹೋಗುತ್ತದೆ, ಒಮ್ಮೊಮ್ಮೆ ಮನೆಯೂ ಹೋಗುತ್ತದೆ. ಒಂದು ಸೇವಾಸಂಸ್ಥೆಯವರು ನಮ್ಮಂಥ ಶಾಲಾ ಮಾಸ್ತರರನ್ನು ಊಟಿಯಲ್ಲಿ ಕೂಡಿಸಿ, ಗುಡ್ಡ ಜರಿದಾಗ ಜನ ಏನು ಮಾಡಬೇಕೆಂದು ಹೇಳಿಕೊಟ್ಟರು. ಮನೆಯಿಂದ ಹೊರಗೆ ಬನ್ನಿ. ಇಳಿಜಾರಿನಿಂದ, ಗೋಡೆಯಿಂದ ದೂರ ಹೋಗಿ. ತೆರೆದ ಬಯಲಿನಲ್ಲಿ ಕುಳಿತುಕೊಳ್ಳಿ. ಹೆದರಿದವರ ಮಾತು ಕೇಳಿ ಎದ್ದು ಓಡಬೇಡಿ. ಇಷ್ಟೇ ಪಾಠ. ನಾನು ಅದನ್ನು ಹಟ್ಟಿ ಹಟ್ಟಿಗೆ ಹೋಗಿ ಎಷ್ಟು ಗಂಭೀರವಾಗಿ ಹೇಳಿದೆನೆಂದರೆ, ಸಂಸ್ಥೆಯವರು ನನಗೆ 'ಮಾಸ್ಟರ್ ಟ್ರೈನರ್' ಎಂಬ ಪದವಿಯನ್ನೂ, ಕೊರಳಿಗೆ ಹಾಕಿಕೊಳ್ಳಲು ಒಂದು ಸೀಟಿಯನ್ನೂ ದಯಪಾಲಿಸಿದರು.

ಆ ದೊಡ್ಡ ಸುನಾಮಿ ಬಂದು ಹೋಗಿ ಆಗ ಕೆಲವು ವರ್ಷಗಳಾಗಿದ್ದವು. ನಾಗಪಟ್ಟಣದ ಕಡೆಯ ಕುಪ್ಪಂಗಳಲ್ಲಿ, ಅಂದರೆ ಮೀನುಗಾರರ ಹಳ್ಳಿಗಳಲ್ಲಿ, ಅಲೆ ಹಿಂದಕ್ಕೆ ಹೋದ ಮೇಲೆ ತರಬೇತಿ ಉಕ್ಕಿ ಬಂದಿತ್ತು. ಮೇಣದಬತ್ತಿ ಮಾಡುವ ತರಬೇತಿ, ಸೋಪು ಮಾಡುವ ತರಬೇತಿ, ಸಿಟ್ಟು ಕಡಿಮೆ ಮಾಡಿಕೊಳ್ಳುವ ತರಬೇತಿ. ತರಬೇತಿ ಪಡೆಯುವವರು ಬೇಕಾದಷ್ಟಿದ್ದರು; ಕೊಡುವವರಿಗೆ ಬರಗಾಲ. ವಿಪತ್ತು ಎದುರಿಸುವ ತರಬೇತಿಗೆ ಒಬ್ಬ ಮಾಸ್ಟರ್ ಟ್ರೈನರ್ ಬೇಕೆಂದು ಸಂಸ್ಥೆಯ ಕರಾವಳಿ ಶಾಖೆಯವರು ಕೇಳಿದರು. ಬೆಟ್ಟದ ಶಾಖೆಯವರು ನನ್ನನ್ನು ಕೊಟ್ಟರು.

ನಾನು ತಯಾರಿಯಿಲ್ಲದೆ ಹೋಗುವವನಲ್ಲ. ನನ್ನ ಬಳಿ ದೊಡ್ಡ ದೊಡ್ಡ ಚಿತ್ರಪಟಗಳಿದ್ದವು. ಶಾಲೆಯ ಡ್ರಾಯಿಂಗ್ ಮಾಸ್ತರರು ಬರೆದುಕೊಟ್ಟವು. ಒಂದು ಮನೆ, ಹಿಂದೆ ಗುಡ್ಡ, ಗುಡ್ಡದಿಂದ ಇಳಿದು ಬರುತ್ತಿರುವ ಕೆಂಪು ಮಣ್ಣು, ಬಯಲಿಗೆ ಓಡುತ್ತಿರುವ ಸಂಸಾರ. ನಾನು ಬಣ್ಣದ ಡಬ್ಬಿ ತೆಗೆದುಕೊಂಡು ಕೆಂಪು ಮಣ್ಣಿಗೆಲ್ಲ ನೀಲಿ ಬಳಿದೆ. ಈಗ ಗುಡ್ಡದ ತುದಿಯಿಂದ ಸಮುದ್ರ ಇಳಿದು ಬರುತ್ತಿತ್ತು. ಸಂಸಾರ ಎಂದಿನಂತೆ ಬಯಲಿಗೆ ಓಡುತ್ತಿತ್ತು. ಅದನ್ನು ತಿದ್ದಬೇಕೆಂದು ನನಗೆ ಹೊಳೆಯಲಿಲ್ಲ. ಬೆಟ್ಟದಲ್ಲಿ ಹುಟ್ಟಿ ಬೆಳೆದವನಿಗೆ ಅಪಾಯವೆಂದರೆ ಮೇಲಿನಿಂದ ಬರುವಂಥದ್ದು. ಕೆಳಗಿನಿಂದ ಬರುವುದು ಊಟಿ ನೋಡಲು ಬರುವ ಪ್ರವಾಸಿಗರು ಮಾತ್ರ.

ಹೊರಡುವ ದಿನ ಮಾಮಿಯೂ ಬರುತ್ತೇನೆಂದರು.

ಅತ್ತೆಯನ್ನು ನಾವು ಮಾಮಿ ಎನ್ನುತ್ತೇವೆ. ಗೌರಿಯ ತಾಯಿ ನಮ್ಮ ಜೊತೆಯಲ್ಲೇ ಇರುವವರು. ಬಿಳಿ ಸೀರೆ, ಬಿಳಿ ಶಾಲು, ಕೊರಳಲ್ಲಿ ಬೆಳ್ಳಿಯ ಕರಡಿಗೆಯೊಳಗೆ ಲಿಂಗ, ಮೊಣಕಾಲಿನಲ್ಲಿ ಊಟಿಯ ಚಳಿ ಪೂರ್ತಿ. ಬಿಸಿಲಿಗೆ ಕಾದ ಸಮುದ್ರದ ಮರಳಿನಲ್ಲಿ ಕಾಲು ಹೂತುಕೊಂಡು ಕುಳಿತರೆ ಮೊಣಕಾಲು ನೋವು ಹೋಗುತ್ತದೆಂದು ನಮ್ಮೂರಿಗೆ ಬರುವ ಸೋಲೂರು ಬಸ್ಸಿನಲ್ಲಿ ಯಾರೋ ಅವರಿಗೆ ಹೇಳಿದ್ದರು.

ಮಾಮಿಯ ಬಗ್ಗೆ ಇನ್ನೊಂದು ಮಾತು ಹೇಳಬೇಕು. ನನ್ನ ವಿದ್ಯೆಯನ್ನು ಈ ಲೋಕದಲ್ಲಿ ಪೂರ್ತಿಯಾಗಿ ನಂಬಿದವರು ಅವರೊಬ್ಬರೇ. ಅದಕ್ಕೆ ಕಾರಣವಿತ್ತು. ನಾನು ಹೊಸ ಅಳಿಯನಾಗಿದ್ದಾಗ ಒಂದು ಮಳೆಗಾಲದ ಮಧ್ಯಾಹ್ನ, ಅವರ ಹಟ್ಟಿಯ ಮುಂದಿನ ಹುಲ್ಲು ಬಯಲಿನಲ್ಲಿ ಕೊಡೆ ಹಿಡಿದು ನಿಂತಿದ್ದೆ. ನನ್ನನ್ನು ಊಟಕ್ಕೆ ಕರೆಯಲು ಮಾಮಿ ಮನೆಯಿಂದ ಹೊರಗೆ ಬಂದರು. ಅವರ ಬೆನ್ನ ಹಿಂದೆಯೇ ಗುಡ್ಡ ಜರಿದು ಅಡುಗೆಮನೆಯ ಗೋಡೆ ಒಲೆಯ ಮೇಲೆ ಬಿತ್ತು. ಗುಡ್ಡ ಬೀಳುವುದು ಅಳಿಯನಿಗೆ ಮೊದಲೇ ತಿಳಿದಿತ್ತು, ಅದಕ್ಕೇ ಬಯಲಿನಲ್ಲಿ ನಿಂತು ತನ್ನನ್ನು ಹೊರಗೆ ಬರಿಸಿದ ಎಂದು ಮಾಮಿ ತೀರ್ಮಾನಿಸಿದರು. ರೇಡಿಯೋದಲ್ಲಿ ಕ್ರಿಕೆಟ್ ಕಾಮೆಂಟರಿ ಆ ಬಯಲಿನಲ್ಲಿ ಬಿಟ್ಟು ಬೇರೆಲ್ಲೂ ಸಿಗುತ್ತಿರಲಿಲ್ಲ ಎಂಬ ಸಣ್ಣ ವಿವರವನ್ನು ನಾನು ಎತ್ತಲಿಲ್ಲ. ಹೊಸ ಅಳಿಯನಿಗೆ ಎಲ್ಲವನ್ನೂ ಬಿಡಿಸಿ ಹೇಳುವ ಅಭ್ಯಾಸ ಒಳ್ಳೆಯದಲ್ಲ.

ಬಸ್ಸು ಹತ್ತಿಸುವಾಗ ಗೌರಿ ನನ್ನನ್ನು ಪಕ್ಕಕ್ಕೆ ಕರೆದಳು.

"ಪಾಠ ಹೇಗಾದರೂ ಮಾಡಿಕೊಳ್ಳಿ. ಅಮ್ಮನನ್ನು ಹೇಗೆ ಕರೆದುಕೊಂಡು ಹೋಗುತ್ತೀರೋ ಹಾಗೇ ಕರೆದುಕೊಂಡು ಬನ್ನಿ. ನೀವು ಏನು ಹೇಳಿದರೂ ಮಾಡುವವಳು ಅವಳೊಬ್ಬಳೇ. ಅದೇ ನನಗೆ ಭಯ."

ಕೋಟು, ಟೈ, ಒಳಗೊಂದು ಉಣ್ಣೆಯ ಬನಿಯನ್ನು ತೊಟ್ಟು ನಾನು ಕುಪ್ಪಂಗೆ ಬಂದಿಳಿದೆ. ಬೆವರು ಎಂಬುದನ್ನು ನಾನು ಅಲ್ಲಿಯವರೆಗೆ ಪುಸ್ತಕದಲ್ಲಿ ಓದಿದ್ದೆ. ಅಲ್ಲಿ ಅದು ಸ್ವತಃ ಬಂದು ನನ್ನನ್ನು ಭೇಟಿಯಾಯಿತು. ಸಂಸ್ಥೆಯ ಸಂಯೋಜಕ ಪ್ರಭು ಎಂಬ ತರುಣ ಬೈಕಿನ ಮೇಲೆ ಕ್ಯಾಮೆರಾ ನೇತುಹಾಕಿಕೊಂಡು ಸ್ವಾಗತಿಸಿದ.

"ಕೋಟು ತೆಗೀಬೇಡಿ ಸಾರ್. ಫೋಟೋದಲ್ಲಿ ಚೆನ್ನಾಗಿ ಬರುತ್ತೆ" ಎಂದ.

ತರಬೇತಿಯ ಜಾಗ ಹೊಸ ಸಮುದಾಯ ಭವನ. ಗಟ್ಟಿ ಕಾಂಕ್ರೀಟಿನ ಎರಡು ಅಂತಸ್ತು, ಮೇಲೆ ವಿಶಾಲವಾದ ತಾರಸಿ. ಮುಂದೆ ನಾಲ್ಕು ತೆಂಗಿನ ಮರ, ದೋಣಿಗಳ ಸಾಲು, ಮರಳು, ಅದರಾಚೆ ಸಮುದ್ರ. ನಾನು ಸಮುದ್ರವನ್ನು ಒಮ್ಮೆ ನೋಡಿದೆ. ಭೂಪಟದಲ್ಲಿ ಅದು ಹೀಗೆ ಅಲುಗಾಡುತ್ತಿರಲಿಲ್ಲ. ಅದಕ್ಕೆ ಬೆನ್ನು ಮಾಡಿ ಒಳಗೆ ಹೋದೆ.

ಮಹಿಳಾ ಸಂಘದ ಹೆಂಗಸರು ಚಾಪೆಯ ಮೇಲೆ ಕುಳಿತಿದ್ದರು. ಅವರ ಮುಖಂಡೆ ಸೆಲ್ವಿ, ಮೀನು ಮಾರುವಾಕೆ, ಗಟ್ಟಿ ದನಿಯವಳು. ಆಕೆ ತಮಿಳಿನಲ್ಲಿ ಕೇಳಿದ ಮೊದಲ ಪ್ರಶ್ನೆಯಲ್ಲೇ ಅನುಭವ ಕಾಣುತ್ತಿತ್ತು.

"ಸಾರ್, ಇದು ಬರೀ ಟೀ ಕೊಡೋ ಟ್ರೈನಿಂಗಾ, ಊಟ ಕೊಡೋ ಟ್ರೈನಿಂಗಾ?"

"ಊಟ ಇದೆ" ಎಂದ ಪ್ರಭು.

"ಹಾಗಾದ್ರೆ ನಿಧಾನವಾಗಿ ಹೇಳಿ ಸಾರ್."

ನಾನು ನಿಧಾನವಾಗಿಯೇ ಹೇಳಿದೆ. ಗುಡ್ಡದಿಂದ ಇಳಿಯುವ ನೀಲಿ ಸಮುದ್ರದ ಪಟವನ್ನು ಗೋಡೆಗೆ ತೂಗುಹಾಕಿದೆ. ಹೆಂಗಸರು ಗೌರವದಿಂದ ನೋಡಿದರು. ಒಬ್ಬಳು ಇನ್ನೊಬ್ಬಳ ಕಿವಿಯಲ್ಲಿ ಏನೋ ಹೇಳಿದಳು, ಇಬ್ಬರೂ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಭಯದಿಂದ ಎಂದುಕೊಂಡೆ.

ಪಾಠದ ನಂತರ ಪ್ರಾತ್ಯಕ್ಷಿಕೆ. ನಾನು ಸೀಟಿ ಊದಿದೆ. "ಭೂಮಿ ನಡುಗಿತು, ಅಪಾಯ ಬಂತು ಎಂದುಕೊಳ್ಳಿ. ಎಲ್ಲರೂ ಕಟ್ಟಡದಿಂದ ಹೊರಗೆ. ಮರ ಬೇಡ, ಗೋಡೆ ಬೇಡ. ಎಲ್ಲಕ್ಕಿಂತ ದೊಡ್ಡ ಬಯಲು ಯಾವುದಿದೆಯೋ ಅಲ್ಲಿಗೆ."

ಎಲ್ಲಕ್ಕಿಂತ ದೊಡ್ಡ ಬಯಲು ಯಾವುದೆಂದು ಹುಡುಕಬೇಕಾಗಿರಲಿಲ್ಲ. ಕಣ್ಣಿಗೆ ಹೊಡೆಯುವಂತೆ ಎದುರಿಗೇ ಹರಡಿತ್ತು. ಇಡೀ ಮಹಿಳಾ ಸಂಘವನ್ನು ಎರಡು ಸಾಲು ಮಾಡಿ, ಸಮುದ್ರದ ದಂಡೆಗೆ ನಡೆಸಿಕೊಂಡು ಹೋಗಿ, ಅಲೆಯ ನೊರೆ ಬಂದು ನಿಲ್ಲುವ ಗೆರೆಯಿಂದ ಸ್ವಲ್ಪ ಈಚೆಗೆ ಕೂರಿಸಿದೆ.

ಸೆಲ್ವಿ ಸಮುದ್ರವನ್ನು ನೋಡಿದಳು. ನನ್ನನ್ನು ನೋಡಿದಳು. "ಸಾರ್, ಅದು ಬರುತ್ತೆ ಅಂದ್ರೆ ಅದರ ಪಕ್ಕದಲ್ಲೇ ಬಂದು ಕೂತ್ಕೋಬೇಕಾ?"

"ಗೋಡೆ ಬಿದ್ದರೆ?"

"ಹೌದಲ್ವಾ" ಎಂದಳು. ಅಷ್ಟರಲ್ಲಿ ಪ್ರಭು ಫೋಟೋ ತೆಗೆಯತೊಡಗಿದ್ದರಿಂದ ಆಕೆ ಕೂದಲು ಸರಿಮಾಡಿಕೊಂಡಳು. ಚರ್ಚೆ ಅಲ್ಲಿಗೆ ಮುಗಿಯಿತು.

ಮಾಮಿ ಅಲ್ಲೇ ಪಕ್ಕದಲ್ಲಿ, ಮೊಣಕಾಲಿನವರೆಗೆ ಕಾದ ಮರಳು ಎಳೆದುಕೊಂಡು ಕಾಲು ಚಾಚಿ ಕುಳಿತಿದ್ದರು. ತಲೆಯ ಮೇಲೆ ಶಾಲು. ಅಳಿಯ ಸೀಟಿ ಊದಿದರೆ ಇಷ್ಟು ಜನ ಎದ್ದು ಬರುತ್ತಾರೆಂಬುದನ್ನು ಕಣ್ಣಾರೆ ಕಂಡು ಅವರ ಮುಖ ಬೆಳಗುತ್ತಿತ್ತು. ಆ ಮುಖ ನೋಡಿದಾಗ ನನಗೂ ಇನ್ನೂ ಸ್ವಲ್ಪ ಮಾಸ್ಟರ್ ಟ್ರೈನರ್ ಆಗಬೇಕೆನ್ನಿಸಿತು. ಹತ್ತಿರ ಹೋಗಿ ಹೇಳಿದೆ:

"ಮಾಮಿ, ಇದು ಬಹಳ ಭದ್ರವಾದ ಜಾಗ. ಏನೇ ಆಗಲಿ, ಇಲ್ಲಿಂದ ಏಳಬೇಡಿ. ಯಾರು ಬಂದು ಕರೆದರೂ ಹೋಗಬೇಡಿ. ಕಟ್ಟಡದ ಹತ್ತಿರವಂತೂ ಸುಳಿಯಲೇಬೇಡಿ."

"ಎನ್ನ ಹೆಣ ಎತ್ತಿದರೆ ಸೈ, ಇಲ್ಲದಿದ್ದರೆ ಏಳೆ" ಎಂದರು ಮಾಮಿ.

ಆ ಮಾತು ಈಗಲೂ ನನ್ನ ಕಿವಿಯಲ್ಲಿದೆ. ಬಸ್ಸಿನಲ್ಲಿ ಕುಳಿತಾಗ, ಶಾಲೆಯಲ್ಲಿ ಹಾಜರಿ ಕೂಗುವಾಗ, ಇದ್ದಕ್ಕಿದ್ದಂತೆ ಕೇಳುತ್ತದೆ.

ಊಟವಾಯಿತು. ಅವರಿಗೆ ಮೀನು, ನನಗೆ ಮೊಸರನ್ನ. ಮಾಮಿಗೆ ಬುತ್ತಿ ಮರಳಿಗೇ ಹೋಯಿತು. ಮಧ್ಯಾಹ್ನದ ಪಾಠ ಭವನದ ಮೇಲಂತಸ್ತಿನಲ್ಲಿ. ಅರ್ಧ ಜನ ತೂಕಡಿಸುತ್ತಿದ್ದರು. ನಾನು "ಭೂಮಿಯ ಪದರಗಳು" ಎಂದು ಶುರುಮಾಡಿದ್ದೆ. ಆಗ ನೆತ್ತಿಯ ಮೇಲಿನ ಫ್ಯಾನು, ಕರೆಂಟು ಇಲ್ಲದಿದ್ದರೂ, ತೂಗಾಡಿತು.

ಮೊದಲು ನನಗೆ ತಲೆ ಸುತ್ತುತ್ತಿದೆ ಎಂದುಕೊಂಡೆ. ಉಣ್ಣೆಯ ಬನಿಯನ್ನಿನ ಮೇಲೆ ಅನುಮಾನ ಬಂತು. ಆಮೇಲೆ ಗೋಡೆಯ ಕ್ಯಾಲೆಂಡರ್ ಗಡಿಯಾರದ ಲೋಲಕದಂತೆ ಆ ಕಡೆ ಈ ಕಡೆ ಓಲಾಡಿತು. ಟೀ ಲೋಟದಲ್ಲಿ ಉಂಗುರ ಉಂಗುರವಾಗಿ ಅಲೆ ಎದ್ದವು. ಕಾಲ ಕೆಳಗಿನ ನೆಲ, ತೊಟ್ಟಿಲಿನ ಹಾಗೆ, ಮೆತ್ತಗೆ ಒಂದು ಕಡೆಗೆ ಹೋಗಿ ಹಿಂದಕ್ಕೆ ಬಂತು. ಸದ್ದಿಲ್ಲ. ಬೀಳುವುದಿಲ್ಲ, ಒಡೆಯುವುದಿಲ್ಲ. ಬರೀ ಮೆತ್ತಗಿನ ಆ ಓಲಾಟ. ಅದರಷ್ಟು ಹೆದರಿಸಿದ್ದು ನನ್ನ ಜೀವನದಲ್ಲಿ ಬೇರೊಂದಿಲ್ಲ.

ಎಲ್ಲ ಹೆಂಗಸರೂ ನನ್ನತ್ತ ನೋಡಿದರು. ಇಷ್ಟು ಹೊತ್ತು ಭೂಕಂಪದ ಬಗ್ಗೆ ಮಾತಾಡಿದವನು ಈಗ ಅದನ್ನೇ ತರಿಸಿ ತೋರಿಸುತ್ತಿದ್ದಾನೆ ಎಂಬ ನೋಟ.

"ಯಾರೂ ಗಾಬರಿಯಾಗಬಾರದು" ಎಂದೆ. ಈ ವಾಕ್ಯದ ಮೊದಲ ಅರ್ಧವನ್ನು ಕೋಣೆಯೊಳಗೂ ಉಳಿದರ್ಧವನ್ನು ಮೆಟ್ಟಿಲ ಮೇಲೂ ಹೇಳಿದೆನೆಂದು ಆಮೇಲೆ ಸೆಲ್ವಿ ಹೇಳಿದಳು.

ಕೆಳಗೆ ಬಂದಾಗ ನಡುಕ ನಿಂತಿತ್ತು. ಜನ ಬೀದಿಯಲ್ಲಿ ಸೇರಿ, ನಿನ್ನ ಮನೆ ಅಲ್ಲಾಡಿತಾ, ನನ್ನ ಮನೆ ಅಲ್ಲಾಡಿತಾ ಎಂದು ಕೇಳಿಕೊಳ್ಳುತ್ತಿದ್ದರು. ಸ್ವಲ್ಪ ಹೊತ್ತಿಗೆ ಕರೆಂಟು ಮರಳಿ ಟೀವಿಯಲ್ಲಿ ಸುದ್ದಿ ಬಂತು: ಸಮುದ್ರದಾಚೆ ಎಲ್ಲೋ ದೊಡ್ಡ ಭೂಕಂಪವಾಗಿದೆ. ಅದರ ಹಿಂದೆಯೇ ಪೊಲೀಸ್ ಜೀಪು. ಮೈಕಿನಲ್ಲಿ ಒಂದೇ ಮಾತು: ಸುನಾಮಿ ಎಚ್ಚರಿಕೆ, ದಡದಲ್ಲಿ ಯಾರೂ ಇರಬೇಡಿ, ಎಲ್ಲರೂ ಹೆದ್ದಾರಿಯ ಕಡೆಗೆ ಹೋಗಿ.

ಆ ಒಂದು ಪದಕ್ಕೆ ಕುಪ್ಪಂನ ಮುಖವೇ ಬದಲಾಯಿತು. ಇಡೀ ಬೆಳಿಗ್ಗೆ ನಗುತ್ತಿದ್ದ ಹೆಂಗಸರು ಸೆರಗು ಸೊಂಟಕ್ಕೆ ಸಿಕ್ಕಿಸಿದರು. ಕೆಲವರು ಮಕ್ಕಳ ಹೆಸರು ಕೂಗುತ್ತ ಓಡಿದರು. ಈ ಜನ ಒಮ್ಮೆ ಅದನ್ನು ಕಂಡವರು ಎಂಬುದು ನನಗೆ ಆಗ ಮೊದಲ ಬಾರಿಗೆ ನಿಜವಾಗಿ ಹೊಳೆಯಿತು. ಬೆಳಿಗ್ಗೆಯಿಂದ ನಾನು ಅವರಿಗೆ ಅದನ್ನು ವರ್ಣಿಸುತ್ತಿದ್ದೆ.

ಹಾಗೆಂದು ಎಲ್ಲರೂ ಕ್ರಮವಾಗಿ ಹೊರಟರೆಂದಲ್ಲ. ಒಬ್ಬ ಗೃಹಸ್ಥ ಟೀವಿ ಹೊತ್ತು ಓಡಿದ. ಅವನ ಹೆಂಡತಿ ಹಿಂದಿನಿಂದ ರಿಮೋಟು ಹಿಡಿದು ಓಡಿದಳು. ಇಬ್ಬರು ಅಣ್ಣತಮ್ಮಂದಿರು ಒಂದೇ ಗ್ರೈಂಡರನ್ನು ಎರಡು ದಿಕ್ಕಿಗೆ ಎಳೆಯುತ್ತಿದ್ದರು. ಪ್ರಭು, "ಸಾರ್, ನಾನು ಆಫೀಸಿಗೆ ಮಾಹಿತಿ ಕೊಟ್ಟು ಬರ್ತೀನಿ" ಎಂದ. ಬೈಕಿನ ಶಬ್ದ ಅವನಿಗಿಂತ ಮೊದಲು ಹೊರಟಿತ್ತು. ನನ್ನನ್ನು ಯಾರೋ ತೋಳು ಹಿಡಿದು ಎಳೆದರು, ಯಾರೋ ಹಿಂದಿನಿಂದ ನೂಕಿದರು. ನೋಡುವಷ್ಟರಲ್ಲಿ ಮೀನು ಸಾಗಿಸುವ ಟೆಂಪೋದ ಮೇಲಿದ್ದೆ. ಹುಟ್ಟಿದಾಗಿನಿಂದ ಮೊಟ್ಟೆಯನ್ನೂ ಮುಟ್ಟದ ಲಿಂಗವಂತನಾದ ನಾನು ಮತ್ತಿ ಮೀನಿನ ಬುಟ್ಟಿಯ ಮೇಲೆ ಕುಳಿತಿದ್ದೆ. ಹಾಗೂ, ನಿಜ ಹೇಳುತ್ತೇನೆ, ಬಹಳ ನೆಮ್ಮದಿಯಿಂದ ಕುಳಿತಿದ್ದೆ. ಟೆಂಪೋ ಹೊರಟಿತು. ಬದುಕಿದೆ ಎಂದುಕೊಂಡೆ.

ಪಕ್ಕದ ಅಜ್ಜಿಯೊಬ್ಬಳು ತಲೆಗೆ ಬಿಳಿ ಸೆರಗು ಹೊದೆದುಕೊಂಡಳು.

ಬುಟ್ಟಿಯಿಂದ ಎದ್ದು ನಿಂತೆ.

ಮಾಮಿ ದಡದಲ್ಲಿದ್ದರು. ಮೊಣಕಾಲಿನವರೆಗೆ ಮರಳಿನಲ್ಲಿದ್ದರು. ಯಾರು ಕರೆದರೂ ಏಳಬೇಡಿ ಎಂದು ನಾನೇ ಹೇಳಿ ಬಂದಿದ್ದೆ. ಬೇರೆ ಯಾರಿಗೆ ಹೇಳಿದ್ದರೂ ಚಿಂತೆಯಿರಲಿಲ್ಲ. ಗೌರಿಗೆ ಹೇಳಿದ್ದರೆ ಅವಳು ಇಷ್ಟು ಹೊತ್ತಿಗೆ ಹೆದ್ದಾರಿ ದಾಟಿರುತ್ತಿದ್ದಳು. ಮಾಮಿ ಮಾತ್ರ ಏಳುವುದಿಲ್ಲ. ಅಲೆ ಬಂದು ಶಾಲು ನೆನೆಸಿದರೂ, ಅಳಿಯ ಹೇಳಿಲ್ಲ ಎಂದು ಅಲೆಗೇ ಹೇಳಿ ಕಳಿಸುವವರು.

"ನಿಲ್ಲಿಸಿ" ಎಂದು ಕೂಗಿದೆ. ಟೆಂಪೋ ನಿಲ್ಲಲಿಲ್ಲ. ಹಾರಿದೆ. ಕೋಟಿನ ಒಂದು ಜೇಬು ಟೆಂಪೋದಲ್ಲೇ ಉಳಿಯಿತು.

ಊರಿಗೆ ಊರೇ ಹೆದ್ದಾರಿಯ ಕಡೆ ಬರುತ್ತಿತ್ತು. ನಾನೊಬ್ಬ ಸಮುದ್ರದ ಕಡೆ ಓಡುತ್ತಿದ್ದೆ. "ಸಾರ್, ಆ ಕಡೆ ಅಲ್ಲ, ಈ ಕಡೆ" ಎಂದು ಯಾರೋ ಕೂಗಿದರು. ಅದಕ್ಕಿಂತ ಘೋರವಾದದ್ದು ಆಮೇಲೆ ಆಯಿತು. ಟೈ ಕಟ್ಟಿದ, ಕೊರಳಲ್ಲಿ ಸೀಟಿಯಿದ್ದ ತರಬೇತುದಾರನೇ ದಡದ ಕಡೆ ಓಡುತ್ತಿರುವುದನ್ನು ಕಂಡು, ಬೆಳಗಿನ ನನ್ನ ವಿದ್ಯಾರ್ಥಿನಿಯರಲ್ಲಿ ಇಬ್ಬರು ನಿಂತರು. "ಸಾರ್ ಅಲ್ಲಿಗೇ ಹೋಗ್ತಿದ್ದಾರೆ ನೋಡು" ಎಂದು ಒಬ್ಬಳು ತಿರುಗಿದಳು.

"ನನ್ನ ಹಿಂದೆ ಬರಬೇಡಿ" ಎಂದು ಕಿರುಚಿದೆ. "ನಾನು ಹೇಳಿದ್ದೆಲ್ಲ ತಪ್ಪು. ಹೆದ್ದಾರಿಗೆ ಹೋಗಿ."

"ಹಾಗಾದ್ರೆ ಬೆಳಿಗ್ಗೆ ಯಾಕೆ ಹೇಳಿದ್ರಿ ಸಾರ್?"

ನ್ಯಾಯವಾದ ಪ್ರಶ್ನೆ. ಉತ್ತರಿಸಲು ನಿಲ್ಲಲಿಲ್ಲ.

ದಡಕ್ಕೆ ಬಂದಾಗ ಅಲ್ಲಿ ಎರಡೇ ಜೀವ. ಮಾಮಿ ನಾನು ಬಿಟ್ಟು ಹೋದಲ್ಲೇ, ಬಿಟ್ಟು ಹೋದ ಹಾಗೇ ಕುಳಿತಿದ್ದರು. ಒಂದು ಕೈಯಲ್ಲಿ ಕೊರಳ ಕರಡಿಗೆ ಹಿಡಿದಿದ್ದರು. ಅವರ ಇನ್ನೊಂದು ತೋಳನ್ನು ಸೆಲ್ವಿ ಎರಡು ಕೈಯಿಂದ ಹಿಡಿದು ಎಳೆಯುತ್ತಿದ್ದಳು. ತಪ್ಪಿಸಿಕೊಂಡ ತನ್ನ ಮೇಕೆಯನ್ನು ಹುಡುಕಿಕೊಂಡು ಬಂದವಳು, ಮಾಮಿಯನ್ನು ಕಂಡು ನಿಂತಿದ್ದಳು. ಅವಳ ಕಂಕುಳಲ್ಲಿ ಕುಕ್ಕರ್ ಇತ್ತು. ಮೇಕೆ ಇನ್ನೂ ಸಿಕ್ಕಿರಲಿಲ್ಲ.

"ಪಾಟಿ, ವಾಂಗ ಪಾಟಿ, ಎದ್ದು ಬನ್ನಿ" ಎಂದು ಸೆಲ್ವಿ ಅಜ್ಜಿಯನ್ನು ಕರೆಯುವಂತೆ ಬೇಡುತ್ತಿದ್ದಳು. "ಸಾರ್, ಇವರು ಏಳ್ತಾನೇ ಇಲ್ಲ. ನೀವು ಏನು ಹೇಳಿದ್ದೀರಿ ಇವರಿಗೆ?"

"ಮಾಮಿ, ಏಳಿ. ಹೋಗೋಣ."

ಮಾಮಿ ನನ್ನನ್ನು ನೋಡಿ ಮುಗುಳ್ನಕ್ಕರು. ಪರೀಕ್ಷೆಯಲ್ಲಿ ಸುಲಭದ ಪ್ರಶ್ನೆ ಬಂದಾಗ ಜಾಣ ವಿದ್ಯಾರ್ಥಿ ನಗುವ ನಗು. "ಯಾರು ಕರೆದರೂ ಏಳಬೇಡ ಅಂತ ನಿಂಗಳೇ ಹೇಳಿದ್ದು."

"ಈಗ ನಾನೇ ಕರೆಯುತ್ತಿದ್ದೇನಲ್ಲ."

"ಬೆಳಿಗ್ಗೆ ಸೀಟಿ ಊದಿದ ಹಾಗೇ ಇದೂ ಒಂದು ಪರೀಕ್ಷೆ. ಎನಗೆ ಗೊತ್ತಾಗುತ್ತೆ."

"ಪರೀಕ್ಷೆ ಅಲ್ಲ ಮಾಮಿ. ನಿಜವಾಗಿ ಸಮುದ್ರ ಬರುತ್ತದಂತೆ."

"ನಿಂಗ ಹೆದರಿದ್ದೀರಿ" ಎಂದರು ಮಾಮಿ, ಮಗುವಿಗೆ ಹೇಳುವಂತೆ. "ಹೆದರಿದವರ ಮಾತು ಕೇಳಿ ಎದ್ದು ಓಡಬೇಡಿ ಅಂತ ಎಂಗಳ ಹಟ್ಟಿಯಲ್ಲಿ ಪಾಠ ಮಾಡಿದ್ದು ಯಾರು? ಬನ್ನಿ, ನಿಂಗಳೂ ಕೂತ್ಕೊಳ್ಳಿ. ಬಯಲು ಬೇಕಾದಷ್ಟಿದೆ."

ನನ್ನ ಪಾಠವನ್ನು ಇಷ್ಟು ಚೆನ್ನಾಗಿ ಕಲಿತ ಇನ್ನೊಬ್ಬ ವಿದ್ಯಾರ್ಥಿಯನ್ನು ನಾನು ಕಂಡಿಲ್ಲ. ಹಿಂದಿನಿಂದ ಅಲೆಯೊಂದು ಒಡೆದ ಸದ್ದಿಗೆ ನಾನು ಹಾರಿಬಿದ್ದೆ. ಮಾಮೂಲಿ ಅಲೆ. ಅದರ ಹಿಂದಿನದೂ ಮಾಮೂಲಿ ಅಲೆಯೇ. ಆದರೆ ಅವುಗಳಲ್ಲಿ ಯಾವುದು ನಿಲ್ಲದೆ ಬರುವ ಅಲೆ ಎಂದು ಯಾರು ಹೇಳಬೇಕು? ಪ್ರತಿಯೊಂದು ಅಲೆ ಎದ್ದಾಗಲೂ ಗೌರಿಯ ಮುಖ ಕಂಡಿತು. ಬರಿಗೈಯಲ್ಲಿ ಸೋಲೂರು ಬಸ್ಸಿನಿಂದ ಇಳಿದು ಆ ಮುಖದ ಮುಂದೆ ನಿಲ್ಲುವುದಕ್ಕಿಂತ ಇಲ್ಲೇ ಮಾಮಿಯ ಪಕ್ಕ ಕುಳಿತುಬಿಡುವುದು ಸುಲಭ ಎನ್ನಿಸಿತು.

ಇನ್ನು ಮಾತಿನಿಂದ ಆಗುವುದಿಲ್ಲವೆಂದು ಮೊಣಕಾಲೂರಿ, ತಲೆ ಬಗ್ಗಿಸಿ, ಎರಡೂ ಕೈಯಿಂದ ಮಾಮಿಯ ಕಾಲಿನ ಮೇಲಿನ ಮರಳು ತೋಡತೊಡಗಿದೆ.

ಇಲ್ಲಿ ನಮ್ಮ ಬೆಟ್ಟದ ಒಂದು ಪದ್ಧತಿಯನ್ನು ಹೇಳಬೇಕು. ನಮ್ಮಲ್ಲಿ ಕಿರಿಯರು ಹಿರಿಯರ ಮುಂದೆ ತಲೆ ಬಗ್ಗಿಸಿದರೆ, ಹಿರಿಯರು ಆ ತಲೆಯ ಮೇಲೆ ಕೈಯಿಟ್ಟು ಹರಸಲೇಬೇಕು. ಹರಕೆ ಮುಗಿಯುವವರೆಗೆ ಬಗ್ಗಿದ ತಲೆ ಏಳುವ ಹಾಗಿಲ್ಲ. ಎದ್ದರೆ ಹರಕೆ ಅರ್ಧಕ್ಕೆ ನಿಂತು ಕೇಡಾಗುತ್ತದೆ.

ಮಾಮಿಯ ಅಂಗೈ ನನ್ನ ತಲೆಯ ಮೇಲೆ ಬಂತು.

"ಒಳ್ಳೇದಾಗಲಿ" ಎಂದು ಶುರುಮಾಡಿದರು. "ಮನೆ ತುಂಬಲಿ. ಹಸು ಹಾಲು ಕರೆಯಲಿ. ತೋಟ ಚಿಗುರಲಿ. ಆಯಸ್ಸು ಹೆಚ್ಚಲಿ."

"ಮಾಮಿ, ಆಯಸ್ಸಿನ ವಿಷಯಕ್ಕೇ ಹೇಳುತ್ತಿದ್ದೇನೆ, ದಯವಿಟ್ಟು."

"ಹರಸುವಾಗ ಮಾತಾಡಬಾರದು. ಮಕ್ಕಳಿಗೆ ವಿದ್ಯೆ ಹತ್ತಲಿ."

ಸೆಲ್ವಿ ಕುಕ್ಕರನ್ನು ಕಂಕುಳಿಂದ ಕಂಕುಳಿಗೆ ಬದಲಾಯಿಸಿದಳು. "ಸಾರ್, ಏನು ಮಾಡ್ತಿದ್ದಾರೆ ಇವರು?"

"ಆಶೀರ್ವಾದ."

"ಈಗಲಾ?"

ಕೊನೆಗೆ ಹರಕೆ ಮುಗಿಯಿತು. ನನ್ನ ತಲೆ ಸ್ವತಂತ್ರವಾಯಿತು. ಎದ್ದು ನೋಡಿದರೆ ನಾನು ತೋಡಿದ ಮರಳನ್ನೆಲ್ಲ ಮಾಮಿ ಎಡಗೈಯಿಂದ ಮತ್ತೆ ಕಾಲಿನ ಮೇಲೆ ಎಳೆದುಕೊಂಡಿದ್ದರು.

ಆಗ ನನ್ನಲ್ಲಿ ಏನೋ ಮುರಿಯಿತು. ದನಿ ಹೊರಟಾಗ ಅದು ನನ್ನದೇ ಎಂದು ನನಗೆ ಗುರುತು ಸಿಗಲಿಲ್ಲ.

"ಮಾಮಿ, ನನಗೆ ಏನೂ ಗೊತ್ತಿಲ್ಲ. ಸಮುದ್ರದ ಬಗ್ಗೆ ನನಗೆ ಒಂದಕ್ಷರವೂ ಗೊತ್ತಿಲ್ಲ. ಬೆಟ್ಟದ ಪಾಠಕ್ಕೆ ನೀಲಿ ಬಣ್ಣ ಬಳಿದುಕೊಂಡು ಬಂದೆ. ಇಲ್ಲಿ ಕೂರಿ ಅಂದದ್ದು ತಪ್ಪು. ಈಗ ಎಲ್ಲಿಗೆ ಹೋಗಬೇಕೋ ಅದೂ ಗೊತ್ತಿಲ್ಲ. ನನಗೆ ಗೊತ್ತಿಲ್ಲ."

ಮಾಮಿಯ ಮುಖದ ಮೇಲಿನ ನಗು ಹೋಯಿತು. ನನ್ನನ್ನು ದಿಟ್ಟಿಸಿ ನೋಡಿದರು. ಅಷ್ಟು ವರ್ಷಗಳ ಅಳಿಯತನದಲ್ಲಿ ನನ್ನ ಬಾಯಿಂದ ಆ ಪದ ಅವರು ಕೇಳಿದ್ದು ಅದೇ ಮೊದಲಿರಬೇಕು. ಅವರ ಕಣ್ಣು ಅಗಲವಾಯಿತು. ತಿರುಗಿ ಮೊದಲ ಸಲ ಸಮುದ್ರವನ್ನು ಗಮನವಿಟ್ಟು ನೋಡಿದರು.

"ನಿಂಗಳಿಗೇ ಗೊತ್ತಿಲ್ಲವಾ?" ಎಂದರು. "ಅಯ್ಯೋ ಶಿವನೇ. ಹಾಗಾದರೆ ಇದು ದೊಡ್ಡದೇ ಇರಬೇಕು. ಎಬ್ಬಿಸಿ ಎನ್ನನ್ನು."

ಎಬ್ಬಿಸಿದರೆ ಕಾಲು ಜೋಮು ಹಿಡಿದಿದ್ದವು. ಅಳಿಯ ಅತ್ತೆಯನ್ನು ಮುಟ್ಟುವುದೇ ನಮ್ಮ ಕಡೆ ಮರ್ಯಾದೆಯಲ್ಲ; ಹೊರುವುದಕ್ಕೆ ಶಾಸ್ತ್ರವೇ ಇಲ್ಲ.

"ಹಟ್ಟಿಯವರಿಗೆ ಹೇಳಬೇಡಿ" ಎಂದು ಸೆರಗನ್ನು ಮುಖಕ್ಕೆ ಎಳೆದುಕೊಂಡು ಮಾಮಿ ನನ್ನ ಬೆನ್ನ ಮೇಲೇರಿದರು. ಮಾಮಿ ನೋಡಲು ತೆಳ್ಳಗಿದ್ದಾರೆ. ಅದು ಬಿಳಿ ಸೀರೆಯಿಂದಾಗುವ ಭ್ರಮೆ. ಮರಳಿನಲ್ಲಿ ಒಂದು ಹೆಜ್ಜೆ ಇಟ್ಟರೆ ಅರ್ಧ ಹೆಜ್ಜೆ ಹಿಂದಕ್ಕೆ ಜಾರುತ್ತಿತ್ತು. ಬೀಳದಿರಲು ಅವರು ನನ್ನ ಟೈ ಹಿಡಿದುಕೊಂಡಿದ್ದರಿಂದ, ಅವರಿಗೆ ಭಯವಾದಾಗಲೆಲ್ಲ ನನಗೆ ಉಸಿರು ನಿಲ್ಲುತ್ತಿತ್ತು. ಸೆಲ್ವಿ ಹಿಂದಿನಿಂದ ಕುಕ್ಕರಿನಿಂದ ನೂಕುತ್ತಿದ್ದಳು. ಹೆದ್ದಾರಿ ದೂರ. ಸಮುದಾಯ ಭವನದ ಮೆಟ್ಟಿಲು ಹತ್ತಿದೆವು. ಬೆಳಿಗ್ಗೆ ನಾನು ಎಲ್ಲರನ್ನೂ ಯಾವ ಕಟ್ಟಡದಿಂದ ದೂರ ಕರೆದುಕೊಂಡು ಹೋಗಿದ್ದೆನೋ ಅದೇ ಕಟ್ಟಡ.

ತಾರಸಿಯ ಮೇಲೆ, ಹೆದ್ದಾರಿಯವರೆಗೆ ಹೋಗಲಾರದ ಕೆಲವು ವೃದ್ಧರಿದ್ದರು. ಸೆಲ್ವಿಯ ಮೇಕೆಯೂ ಅಲ್ಲೇ ಇತ್ತು. ನಮಗಿಂತ ಎಷ್ಟು ಹೊತ್ತು ಮೊದಲು ಬಂದಿತ್ತೋ, ಯಾರದೋ ಚಾಪೆ ತಿನ್ನುತ್ತಿತ್ತು.

ಎಲ್ಲರೂ ಗೋಡೆ ಹಿಡಿದು ಸಮುದ್ರ ನೋಡುತ್ತ ನಿಂತೆವು. ಸೆಲ್ವಿಯ ತುಟಿ ಅಲುಗುತ್ತಿತ್ತು. ಹೋದ ಸಲ ಆಕೆ ಯಾರನ್ನು ಕಳೆದುಕೊಂಡಿದ್ದಳೋ ನಾನು ಕೇಳಲಿಲ್ಲ. ಬೆಳಿಗ್ಗೆ ಕೇಳಬೇಕಿತ್ತು. ಬೆಳಿಗ್ಗೆ ನನಗೆ ಸೀಟಿ ಊದುವ ಕೆಲಸವಿತ್ತು. ನನ್ನ ಕೈ ಮಾಮಿಯ ಶಾಲಿನ ತುದಿಯನ್ನು ಗಟ್ಟಿಯಾಗಿ ಹಿಡಿದಿತ್ತು. ಬಿಡಿಸಿದರೂ ಬಿಡಲಿಲ್ಲವಂತೆ.

ಸಮುದ್ರ ಏನೂ ಮಾಡಲಿಲ್ಲ. ಬಂತು, ಹೋಯಿತು, ಬಂತು, ಹೋಯಿತು. ಬೆಳಕು ಕಂದುವ ಹೊತ್ತಿಗೆ ಯಾರದೋ ರೇಡಿಯೋ ಎಚ್ಚರಿಕೆ ಹಿಂತೆಗೆದುಕೊಂಡಿದ್ದಾರೆ ಎಂದಿತು. ಹೆದ್ದಾರಿಯಿಂದ ಜನ ಟೀವಿ, ಗ್ರೈಂಡರುಗಳ ಸಮೇತ ಮರಳತೊಡಗಿದರು. ಎಷ್ಟೋ ಹೊತ್ತಿನ ಮೇಲೆ ಸೆಲ್ವಿ ದೊಡ್ಡ ಉಸಿರು ಬಿಟ್ಟು, ಮೇಕೆಯ ಕಿವಿ ಹಿಡಿದುಕೊಂಡು, ನನ್ನ ಕಡೆ ತಿರುಗಿದಳು.

"ಸಾರ್, ಚೆನ್ನಾಗಿತ್ತು ನಿಮ್ಮ ಟ್ರೈನಿಂಗು. ನಮಗಂತೂ ಮರೆಯಲ್ಲ. ನಾಳೆನೂ ಇದೆಯಾ?"

"ಇಲ್ಲ" ಎಂದೆ.

"ದೇವರು ದೊಡ್ಡವನು" ಎಂದಳು. ಆಮೇಲೆ ಮಾಮಿಗೂ ನನಗೂ ಅದೇ ಕುಕ್ಕರಿನಲ್ಲಿ ಗಂಜಿ ಮಾಡಿ ಕೊಟ್ಟಳು.

ಊರಿಗೆ ಮರಳುವ ಬಸ್ಸಿನಲ್ಲಿ ಮಾಮಿ ಕಿಟಕಿಯ ಪಕ್ಕ ಕುಳಿತು ಬಹಳ ಯೋಚಿಸಿದರು. ಮೆಟ್ಟುಪಾಳ್ಯ ದಾಟಿ ಬೆಟ್ಟ ಏರತೊಡಗಿದಾಗ ತೀರ್ಪು ಬಂತು.

"ಅಲೆ ಬರಲಿಲ್ಲ. ಅಂದರೆ ಮರಳಿನಲ್ಲಿ ಕೂತಿರಿ ಅಂತ ನಿಂಗ ಮೊದಲು ಹೇಳಿದ್ದು ಸರಿ."

"ಇಲ್ಲ ಮಾಮಿ, ಅದು..."

"ಬಂದಿದ್ದರೆ ಏಳಿ ಅಂದದ್ದು ಸರಿ. ಹೇಗೆ ನೋಡಿದರೂ ನಿಂಗಳದೇ ಸರಿ. ಓದಿದವರು ಓದಿದವರೇ."

ನನ್ನ ಅಜ್ಞಾನವನ್ನು ಅವರಿಗೆ ಮನವರಿಕೆ ಮಾಡಿಕೊಡಲು ಕೂನೂರಿನವರೆಗೆ ಪ್ರಯತ್ನಿಸಿದೆ. ಪ್ರಯತ್ನಿಸಿದಷ್ಟೂ, ಇಷ್ಟು ತಿಳಿದವನಿಗೆ ಅಹಂಕಾರವೇ ಇಲ್ಲವಲ್ಲ ಎಂದು ಅವರು ಕಣ್ಣೊರೆಸಿಕೊಂಡರು.

ಮನೆಗೆ ಬಂದು ಗೌರಿಗೆ ಎಲ್ಲವನ್ನೂ ಹೇಳಿದೆ. ಟೆಂಪೋದಲ್ಲಿ ನೆಮ್ಮದಿಯಿಂದ ಕುಳಿತಿದ್ದೆ ಎಂಬುದನ್ನೂ ಬಿಡಲಿಲ್ಲ. ಅವಳು ಬೈಯಬಹುದೆಂದು ಕಾದೆ. ಬೈಯಲಿಲ್ಲ. ತಾಯಿಯ ಮೊಣಕಾಲಿಗೆ ಎಣ್ಣೆ ತಿಕ್ಕಿ ಮುಗಿಸಿದಳು. ಆಮೇಲೆ, "ಇನ್ನು ಮೇಲೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತ ಹೇಳುವುದನ್ನು ಕಲಿಯಿರಿ" ಎಂದಳು. ಕಲಿಯುತ್ತೇನೆಂದು ಮಾತು ಕೊಟ್ಟೆ. ಮನಃಪೂರ್ವಕವಾಗಿ ಕೊಟ್ಟೆ. ಸಂಸ್ಥೆಯವರಿಗೆ ಸೀಟಿಯನ್ನು ಹಿಂದಕ್ಕೆ ಕಳಿಸಿದೆ.

ಮರುದಿನ ಬೆಳಿಗ್ಗೆಯೇ ಆ ಮಾತನ್ನು ಪಾಲಿಸುವ ಅವಕಾಶ ಬಂತು. ಅಡುಗೆಮನೆಯಿಂದ ಗೌರಿ, "ಸಕ್ಕರೆ ಡಬ್ಬಿ ಎಲ್ಲಿಟ್ಟಿರಿ?" ಎಂದು ಕೇಳಿದಳು. ನಾನು ವಿನಯದಿಂದ, ಸ್ಪಷ್ಟವಾಗಿ, "ನನಗೆ ಗೊತ್ತಿಲ್ಲ" ಎಂದೆ.

ಹಾಸಿಗೆಯಲ್ಲಿ ಮಲಗಿದ್ದ ಮಾಮಿ ಎದ್ದ ವೇಗವನ್ನು ನೀವು ನೋಡಬೇಕಿತ್ತು. ಒಂದು ಕೈಯಲ್ಲಿ ಕರಡಿಗೆ, ಇನ್ನೊಂದರಲ್ಲಿ ಶಾಲು. ನಾವು ಬಾಗಿಲಿಗೆ ಬರುವಷ್ಟರಲ್ಲಿ ಅವರು ಗೇಟು ದಾಟಿ, ಪಕ್ಕದ ಮನೆಯವರನ್ನೂ ಕೂಗಿ ಹೊರಡಿಸಿ ಆಗಿತ್ತು. "ಎನ್ನ ಅಳಿಯನಿಗೇ ಗೊತ್ತಿಲ್ಲವಂತೆ, ಏಳಿ" ಎನ್ನುತ್ತಿದ್ದರು. ಆ ನೆರೆಮನೆಯ ಅಜ್ಜ ಲುಂಗಿ ಹಿಡಿದುಕೊಂಡು ಓಡುತ್ತಿದ್ದರು.

ಆದ್ದರಿಂದ ಈಗ ನಮ್ಮ ಮನೆಯಲ್ಲಿ ಯಾರು ಏನು ಕೇಳಿದರೂ ನನಗೆ ಗೊತ್ತಿದೆ. ಗೌರಿಯೇ ಹಾಗೆ ಹೇಳಲು ಬೇಡಿಕೊಂಡಿದ್ದಾಳೆ. ಸಕ್ಕರೆ ಡಬ್ಬಿ ಎಲ್ಲಿದೆ, ಮಳೆ ಯಾವಾಗ ಬರುತ್ತದೆ, ಚಹಾ ಎಲೆಗೆ ಮುಂದಿನ ವರ್ಷ ಏನು ಬೆಲೆ, ಎಲ್ಲಕ್ಕೂ ಗಂಭೀರವಾಗಿ ಉತ್ತರ ಹೇಳುತ್ತೇನೆ. ಒಂದೂ ನಿಜವಾಗುವುದಿಲ್ಲ. ಮಾಮಿ ಹಾಯಾಗಿ ಮಲಗುತ್ತಾರೆ.